ಒಂದೇ ‘ಮಾ’, ನೂರೆಂಟು ಮೂಲ

ಸಂಸ್ಕೃತದಲ್ಲಿ ‘ಮಾ’ ಎಂದರೆ ಬೇಡ. ‘ಮಾ ಭೈಃ’ ಅಂದರೆ ಹೆದರಬೇಡ. ತುರ್ಕಿ ಭಾಷೆಯಲ್ಲಿ ‘ಒಕು’ ಎಂದರೆ ಓದು. ಅದಕ್ಕೆ ‘ಮಾ’ ಸೇರಿಸಿ ‘ಒಕುಮಾ’ ಎಂದರೆ ಓದಬೇಡ. ಅರಬ್ಬಿಯಲ್ಲಿ ‘ಮಾ ಕತಬ’ ಎಂದರೆ ಅವನು ಬರೆಯಲಿಲ್ಲ. ಮೂರು ಭಾಷೆಗಳು ಮೂರು ಬೇರೆ ಬೇರೆ ಕುಟುಂಬಗಳಿಗೆ ಸೇರಿದವು. ಆದರೂ ಹ್ರಸ್ವ-ದೀರ್ಘದ ಸಣ್ಣ ವ್ಯತ್ಯಾಸ ಬದಿಗಿಟ್ಟರೆ ಉಚ್ಚಾರ ಒಂದೇ, ಅರ್ಥವೂ ಹೆಚ್ಚುಕಡಿಮೆ ಒಂದೇ. ಇವೆಲ್ಲ ಎಲ್ಲೋ ಒಂದೇ ಬುಡದಿಂದ ಚಿಗುರಿದವು ಎಂದು ಯಾರಿಗಾದರೂ ಅನ್ನಿಸೀತು. ಆದರೆ ಒಂದೊಂದರ ಜಾಡು ಹಿಡಿದು ಹಿಂದಕ್ಕೆ ಹೋದರೆ, ದಾರಿಗಳು ಎಲ್ಲೂ ಕೂಡುವುದಿಲ್ಲ.

ಸಂಸ್ಕೃತದ ‘ಮಾ’ಗೆ ಒಡಹುಟ್ಟಿದವು ಪ್ರಾಚೀನ ಗ್ರೀಕಿನ ‘ಮೇ’ ಮತ್ತು ಅರ್ಮೇನಿಯನ್ನಿನ ‘ಮಿ’. ಮೂರೂ ಇಂಡೋ-ಯುರೋಪಿಯನ್ ಮೂಲಭಾಷೆಯಿಂದ ಬಂದ ನಿಷೇಧಪದಗಳು. ತುರ್ಕಿಯದು ಸ್ವತಂತ್ರ ಪದವೇ ಅಲ್ಲ, ಕ್ರಿಯಾಪದದ ಬೆನ್ನಿಗೆ ಅಂಟುವ ಪ್ರತ್ಯಯ. ತನಗಿಂತ ಹಿಂದೆ ಬಂದಿರುವ ಸ್ವರ ನೋಡಿಕೊಂಡು ಅದು ಬದಲಾಗುತ್ತದೆ: ‘ಗೆಲ್’ ಎಂದರೆ ಬಾ, ‘ಗೆಲ್ಮೆ’ ಎಂದರೆ ಬರಬೇಡ. ಇನ್ನೂ ಸೊಗಸಾದ ಸಂಗತಿಯೆಂದರೆ, ‘ಒಕುಮಾ’ದಲ್ಲಿ ಒತ್ತು ‘ಕು’ ಮೇಲೆ ಬಿದ್ದರೆ ಓದಬೇಡ ಎಂದಾಗುತ್ತದೆ, ಕೊನೆಯ ‘ಮಾ’ ಮೇಲೆ ಬಿದ್ದರೆ ‘ಓದುವಿಕೆ’ ಎಂದಾಗುತ್ತದೆ! ಕಣ್ಣಿಗೆ ಒಂದೇ ಪದ, ಕಿವಿಗೆ ಎರಡು.

ಅರಬ್ಬಿಯ ದಾರಿ ಬೇರೆಯೇ. ಅಲ್ಲಿ ‘ಮಾ’ ಎಂದರೆ ‘ಏನು’ ಎಂಬ ಅರ್ಥವೂ ಉಂಟು. ಹೀಬ್ರೂವಿನಲ್ಲಿಯೂ ‘ಏನು’ ಎನ್ನಲು ‘ಮಾ’ ಎಂದೇ ಹೇಳುತ್ತಾರೆ. ಪ್ರಶ್ನೆ ನಿಷೇಧವಾದದ್ದು ಹೇಗೆ ಎಂಬುದು ಕನ್ನಡಿಗರಿಗೆ ಕಷ್ಟವಿಲ್ಲದೆ ಅರ್ಥವಾಗುತ್ತದೆ. ‘ಅವನೇನು ಕೊಟ್ಟಾನು!’ ಎಂದಾಗ ನಾವು ಉತ್ತರ ಕೇಳುತ್ತಿಲ್ಲ, ಅವನು ಕೊಡುವುದಿಲ್ಲ ಎನ್ನುತ್ತಿದ್ದೇವೆ. ಅಂಥ ಬಳಕೆಯೇ ರೂಢಿಯಾಗಿ ಅರಬ್ಬಿಯ ‘ಏನು’ ಕ್ರಮೇಣ ‘ಇಲ್ಲ’ವೂ ಆಯಿತೆಂದು ವಿದ್ವಾಂಸರು ವಿವರಿಸುತ್ತಾರೆ.

ಒಂದೇ ಭಾಷೆಯೊಳಗೂ ‘ಮಾ’ಗಳೆಲ್ಲ ನೆಂಟರಲ್ಲ. ಸಂಸ್ಕೃತದಲ್ಲೇ ಅಳತೆ ಮಾಡು ಎಂಬ ಅರ್ಥದ ‘ಮಾ’ ಧಾತು ಬೇರೆ ಇದೆ. ಮಾನ, ಪ್ರಮಾಣ, ಪರಿಮಾಣ, ಮಾತ್ರೆ ಎಲ್ಲವೂ ಅದರ ಸಂತಾನ. ‘ಮಾಧವ’ವನ್ನು ಸಾಂಪ್ರದಾಯಿಕವಾಗಿ ಬಿಡಿಸುವಾಗ ಸಿಗುವ ‘ಮಾ’ ಲಕ್ಷ್ಮಿ. ಇಟಾಲಿಯನ್ನಿನ ‘ಮಾ’ ಎಂದರೆ ‘ಆದರೆ’. ಅದು ‘ಹೆಚ್ಚು’ ಎಂಬರ್ಥದ ಲ್ಯಾಟಿನ್ ‘ಮಗಿಸ್’ ಸವೆದು ಉಳಿದ ತುಣುಕು. ಜಪಾನಿಯಲ್ಲಿ ‘ಮಾ’ ಎಂದರೆ ನಡುವಿನ ತೆರಪು. ತಮಿಳಿನ ‘ಮಾ’ ನಮ್ಮ ಮಾವಿನ ಮರ, ಜೊತೆಗೆ ಇಪ್ಪತ್ತನೆಯ ಒಂದು ಭಾಗವೂ ಹೌದು.

ಇಂಥ ಸವಕಳಿ ಎದ್ದು ಕಾಣುವುದು ಚೀನಿಯಲ್ಲಿ. ಮ್ಯಾಂಡರಿನ್‌ನಲ್ಲಿ ದನಿ ಎತ್ತರದಲ್ಲೇ ನಿಂತರೆ ‘ಮಾ’ ಅಮ್ಮ, ಮೇಲೇರಿದರೆ ಸೆಣಬಿನಂಥ ನಾರಿನ ಗಿಡ, ಇಳಿದು ಏರಿದರೆ ಕುದುರೆ, ಥಟ್ಟನೆ ಇಳಿದರೆ ಬಯ್ಯುವುದು. ದನಿಯೆತ್ತದೆ ವಾಕ್ಯದ ಕೊನೆಯಲ್ಲಿ ಹಗುರವಾಗಿ ಇಟ್ಟರೆ ಅದು ಪ್ರಶ್ನೆಯ ಗುರುತು. ಆದರೆ ಇವು ಮೊದಲಿನಿಂದ ಹೀಗಿರಲಿಲ್ಲ. ಪ್ರಾಚೀನ ಚೀನಿಯ ಉಚ್ಚಾರವನ್ನು ಪುನಾರಚಿಸಿದವರು ಕುದುರೆಗೆ ‘ಮ್ರಾ’ದಂಥ ರೂಪವನ್ನೂ ಗಿಡಕ್ಕೆ ‘ಮ್ರಾಯ್’ಯಂಥ ರೂಪವನ್ನೂ ಕೊಡುತ್ತಾರೆ. ಚೀನಿಯ ದೂರದ ನೆಂಟನಾದ ಬರ್ಮೀ ಭಾಷೆಯ ಹಳೆಯ ಶಾಸನಗಳಲ್ಲಿ ಕುದುರೆ ‘ಮ್ರಙ್’. ಅಲ್ಲಿ ರೇಫ ಇನ್ನೂ ಉಳಿದಿದೆ. ಇಂದು ಒಂದೇ ‘ಮಾ’ ಎಂದು ಕೇಳಿಸುವುದು ಬೇರೆ ಬೇರೆ ಪದಗಳು ಅಂಚು ಸವೆದು ಬಂದು ನಿಂತ ಜಾಗ.

ಪದ ಚಿಕ್ಕದಾದಷ್ಟೂ ಇಂಥ ಡಿಕ್ಕಿ ಹೆಚ್ಚು. ಪ್ರಪಂಚದ ಬಹುಪಾಲು ಭಾಷೆಗಳಲ್ಲಿ ‘ಮ’ ಇದೆ, ‘ಅ’ ಇದೆ. ಭಾಷೆಗಳೋ ಸುಮಾರು 7,000. ‘ನಮ್ಮ ಪದ ಅವರಲ್ಲೂ ಇದೆ, ಆದ್ದರಿಂದ ನಾವೂ ಅವರೂ ಒಂದೇ’ ಎಂಬ ವಾದ ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ನಿಜವಾದ ಬಂಧುತ್ವ ಹೋಲಿಕೆಯಲ್ಲಿ ಅಲ್ಲ, ಕ್ರಮಬದ್ಧವಾದ ವ್ಯತ್ಯಾಸದಲ್ಲಿ ಕಾಣಿಸುತ್ತದೆ. ತಮಿಳರ ‘ಪಾಲ್’ ನಮ್ಮ ಹಾಲು, ‘ಪುಲಿ’ ಹುಲಿ, ‘ಪಲ್’ ಹಲ್ಲು. ಹಳಗನ್ನಡದಲ್ಲಿ ನಮ್ಮದೂ ‘ಪಾಲ್’, ‘ಪುಲಿ’, ‘ಪಲ್’ ಆಗಿತ್ತು. ಸುಮಾರು 10ನೇ ಶತಮಾನದಿಂದ ಪದದ ಮೊದಲಿನ ಪಕಾರ ಹಕಾರವಾಗುತ್ತ ಬಂತು. ಹೀಗೆ ಸಾಲುಸಾಲು ಪದಗಳು ಒಂದೇ ನಿಯಮಕ್ಕೆ ಒಳಪಟ್ಟಾಗ ಮಾತ್ರ ಎರಡು ಭಾಷೆ ಒಂದೇ ಮನೆಯವು ಎನ್ನಬಹುದು.

ಹಾಗಾದರೆ ಅಮ್ಮನನ್ನು ಕರೆಯಲು ಇಷ್ಟೊಂದು ಭಾಷೆಗಳು ಮಕಾರವನ್ನೇ ಹಿಡಿದಿರುವುದೂ ಕಾಕತಾಳೀಯವೇ? ಅಲ್ಲ. ಇಲ್ಲಿ ಕಾರಣವಿದೆ, ಅದು ಭಾಷೆಗಳ ನೆಂಟಸ್ತಿಕೆ ಮಾತ್ರವಲ್ಲ. ಮಾನವಶಾಸ್ತ್ರಜ್ಞ ಜಾರ್ಜ್ ಮರ್ಡಾಕ್ 1959ರಲ್ಲಿ ಜಗತ್ತಿನ ಭಾಷೆಗಳಿಂದ ತಾಯಿ, ತಂದೆಯರನ್ನು ಸೂಚಿಸುವ 1,072 ಪದಗಳನ್ನು ಒಟ್ಟುಹಾಕಿದ್ದರು. ಅವನ್ನು ನೋಡಿದ ಭಾಷಾಶಾಸ್ತ್ರಜ್ಞ ರೋಮನ್ ಯಾಕಬ್ಸನ್ ಗಮನಿಸಿದ್ದು ಇದು: ತಾಯಿಯ ಪದಗಳಲ್ಲಿ ಶೇ. 55ರಷ್ಟರಲ್ಲಿ ಅನುನಾಸಿಕಗಳಿವೆ, ತಂದೆಯ ಪದಗಳಲ್ಲಿ ಶೇ. 15ರಷ್ಟರಲ್ಲಿ ಮಾತ್ರ. ಮೊಲೆ ಕುಡಿಯುವಾಗ ಕೂಸಿನ ಬಾಯಿ ತುಂಬಿರುತ್ತದೆ, ಆಗ ಹೊರಡಬಲ್ಲದ್ದು ಮೂಗಿನಿಂದ ಬರುವ ಗುನುಗು. ಆ ಗುನುಗೇ ಹಸಿವಿನ, ಬೇಡಿಕೆಯ ಸದ್ದಾಗಿ, ಅದನ್ನು ಕೇಳಿದ ದೊಡ್ಡವರು ಅದಕ್ಕೊಂದು ಅರ್ಥ ಕೊಟ್ಟರು ಎಂಬುದು ಅವರ ವಿವರಣೆ. ನನಗಿದು ಬಹಳ ಒಪ್ಪುತ್ತದೆ: ಸದ್ದು ಮಗುವಿನದು, ಅರ್ಥ ಮನೆಯವರದು.

ಅರ್ಥ ಮನೆಯವರದಾದ್ದರಿಂದಲೇ ಅದು ತಿರುಗುಮುರುಗು ಆಗುವುದೂ ಉಂಟು. ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಎಂದರೆ ಅಪ್ಪ, ‘ದೇದಾ’ ಎಂದರೆ ಅಮ್ಮ. ಉತ್ತರ ಅಮೆರಿಕದ ಮೋಹಾಕ್ ಭಾಷೆಯಲ್ಲಂತೂ ಮಕಾರವೇ ಇಲ್ಲ. ಅಲ್ಲಿ ಅಮ್ಮ ‘ಇಸ್ತಾ’.

ಜಪಾನಿಯಲ್ಲಿ ಇಂದು ತಾಯಿಗೆ ‘ಹಹ’, ತಂದೆಗೆ ‘ಚಿಚಿ’ ಎನ್ನುತ್ತಾರೆ. 1516ರ ಒಂದು ಜಪಾನಿ ಒಗಟು ಹೀಗಿದೆ: ತಾಯಿಯಲ್ಲಿ ಎರಡು ಸಲ ಸೇರುತ್ತವೆ, ತಂದೆಯಲ್ಲಿ ಒಂದು ಸಲವೂ ಇಲ್ಲ, ಏನದು? ಉತ್ತರ, ತುಟಿಗಳು. ಇಂದಿನ ‘ಹಹ’ ಎನ್ನುವಾಗ ತುಟಿಗಳು ಸೇರುವುದೇ ಇಲ್ಲವಲ್ಲ ಎನ್ನುವವರಿಗೆ ಒಗಟಿನಲ್ಲೇ ಸಾಕ್ಷಿ ಸಿಗುತ್ತದೆ: ಆಗ ಆ ಪದವನ್ನು ತುಟಿಗಳನ್ನು ಹತ್ತಿರ ತಂದು ‘ಫಫ’ ಎಂದು ಹೇಳುತ್ತಿದ್ದರು. ಅದಕ್ಕೂ ಹಿಂದೆ ಅದು ‘ಪಪ’. ಕನ್ನಡದಂತೆಯೇ ಜಪಾನಿಯಲ್ಲೂ, ಕನ್ನಡದ ಸುಳಿವೇ ಇಲ್ಲದೆ, ಪಕಾರ ಹಕಾರವಾಯಿತು. ಮುಂದೆ ಪಶ್ಚಿಮದಿಂದ ‘ಪಾಪಾ’ ಎಂಬ ಪದ ಜಪಾನಿನ ಮಕ್ಕಳ ಬಾಯಿಗೆ ಬಂದಾಗ, ಅದು ಕರೆದದ್ದು ಅಪ್ಪನನ್ನು.