ಪಿಎಚ್ ಬಿಡಿ, ಸುಣ್ಣ ನೋಡಿ

ಜನವರಿಯ ಒಂದು ಶನಿವಾರ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಕನ್ನಡದವರ ಮನೆಯೊಂದರಿಂದ ಕರೆ ಬಂತು. ಜೀವಂತ ಹವಳ ಸಾಕುವ 400 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ತೊಟ್ಟಿ, ಒಂದೂವರೆ ವರ್ಷ ಚೆನ್ನಾಗಿಯೇ ಇತ್ತು. ಈಗ ಆಕ್ರೊಪೊರಾ ಎಂಬ ಗಟ್ಟಿ ಹವಳಗಳ ತುದಿ ಸುಟ್ಟಂತೆ ಬೆಳ್ಳಗಾಗಿದೆ, ಹೀಟರಿನ ಮೈಗೆಲ್ಲ ಬಿಳಿ ಪೊರೆ ಕಟ್ಟಿದೆ. ಯಜಮಾನರು ಹೇಳಿದ ಮೊದಲ ಮಾತು: “ಬೆಳಿಗ್ಗೆ ನೋಡಿದರೆ ಪಿಎಚ್ 7.8 ಇರುತ್ತದೆ ಸರ್. ದಿನವೂ ಬಫರ್ ಹಾಕುತ್ತಿದ್ದೇನೆ, ಏರುವುದೇ ಇಲ್ಲ.” ಪಿಎಚ್ ಎಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬುದರ ಅಳತೆ; ಬಫರ್ ಎಂದರೆ ಅದನ್ನು ಏರಿಸಲೆಂದು ಹಾಕುವ ದ್ರಾವಣ. ಉಳಿದದ್ದನ್ನು ಹೊರಡುವ ಮುಂಚೆಯೇ ಊಹಿಸಿಕೊಂಡಿದ್ದೆ.

ಹೋದವನು ಮೊದಲು ಅಳೆದದ್ದು ಲವಣಾಂಶವನ್ನು. ಇದು ನನ್ನ ಹಟ. ಸಮುದ್ರದ ನೀರಿನಲ್ಲಿ ಲವಣಾಂಶ 35 (ಕಿಲೋ ನೀರಿಗೆ 35 ಗ್ರಾಂ ಉಪ್ಪು) ಇದ್ದಾಗ ಕ್ಯಾಲ್ಸಿಯಂ ಲೀಟರಿಗೆ ಸುಮಾರು 410 ಮಿಲಿಗ್ರಾಂ, ಮೆಗ್ನೀಸಿಯಂ 1290ರ ಆಸುಪಾಸು, ಕ್ಷಾರೀಯತೆ, ಅಂದರೆ ನೀರಿನಲ್ಲಿ ಕರಗಿರುವ ಕಾರ್ಬೊನೇಟಿನ ದಾಸ್ತಾನು, ಸುಮಾರು 7 ಡಿಕೆಎಚ್ (ಅದನ್ನು ಅಳೆಯುವ ಮಾನ). ಲವಣಾಂಶ 31ಕ್ಕೆ ಇಳಿದಿದ್ದರೆ ಕ್ಯಾಲ್ಸಿಯಂ 365 ಬರುವುದೇ ಸರಿ. ಅಲ್ಲಿ ಕೊರತೆಯಿರುವುದು ಉಪ್ಪಿನದು, ಕ್ಯಾಲ್ಸಿಯಂನದಲ್ಲ. ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಬಟ್ಟಿ ಇಳಿಸಿದ ನೀರಿನಿಂದ ಸೊನ್ನೆಗೆ ಹೊಂದಿಸಿ ನೆಮ್ಮದಿಯಾಗಿರುವವರು ಬಹಳ. ಅದನ್ನು 35ರ ದ್ರಾವಣದಲ್ಲಿ ಹೊಂದಿಸಬೇಕು.

ಈ ಮನೆಯಲ್ಲಿ ಉಪ್ಪು ಸರಿಯಾಗಿತ್ತು. ಕ್ಷಾರೀಯತೆ 13, ಕ್ಯಾಲ್ಸಿಯಂ 340.

ಹವಳ ತನ್ನ ಅಸ್ಥಿಯನ್ನು ಕಟ್ಟುವುದು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ, ಅಂದರೆ ಸುಣ್ಣಕಲ್ಲಿನಿಂದ. ಅದಕ್ಕೆ ಬೇಕಾದ ಕಾರ್ಬೊನೇಟಿನ ದಾಸ್ತಾನು ಎಷ್ಟಿದೆ ಎಂದು ಹೇಳುವುದು ಕ್ಷಾರೀಯತೆ. ಎರಡೂ ಜೊತೆಯಾಗಿಯೇ ಖರ್ಚಾಗುತ್ತವೆ: 1 ಡಿಕೆಎಚ್ ಇಳಿದರೆ ಕ್ಯಾಲ್ಸಿಯಂ ಲೀಟರಿಗೆ ಸುಮಾರು 7 ಮಿಲಿಗ್ರಾಂ ಇಳಿದಿರುತ್ತದೆ. ಹೀಗಾಗಿ ಲೀಟರಿಗೆ 400 ಮಿಲಿಗ್ರಾಂ ದಾಸ್ತಾನಿನಲ್ಲಿ ಕ್ಯಾಲ್ಸಿಯಂನ ಇಳಿಕೆ ಒಂದು ವಾರದ ಮಟ್ಟಿಗೆ ಕಣ್ಣಿಗೂ ಬೀಳುವುದಿಲ್ಲ, ಕ್ಷಾರೀಯತೆಯ ದಾಸ್ತಾನು ಮಾತ್ರ ಅಷ್ಟರಲ್ಲಿ ಅರ್ಧ ಕರಗಿರಬಹುದು. ನಾನು ದಿನವೂ ನೋಡುವ ಅಂಕಿ ಇದೊಂದೇ. 7ರಿಂದ 9ರೊಳಗೆ ಎಲ್ಲಿಯಾದರೂ ಇರಲಿ, ಆದರೆ ನಿನ್ನೆ ಇದ್ದಲ್ಲಿಯೇ ಇಂದೂ ಇರಲಿ.

ಅವರು ಸುರಿಯುತ್ತಿದ್ದ ಬಫರಿನ ಬಾಟಲಿಯಲ್ಲಿ ಇದ್ದದ್ದೂ ಕಾರ್ಬೊನೇಟೇ. ಅದು ಪಿಎಚ್ ಅನ್ನು ಒಂದೆರಡು ಗಂಟೆ ಎತ್ತಿ ಹಿಡಿಯುತ್ತದೆ, ಕ್ಷಾರೀಯತೆಯನ್ನು ಮಾತ್ರ ಕಾಯಂ ಆಗಿ ಏರಿಸುತ್ತದೆ. ಏರಿ ಏರಿ ನೀರಿಗೆ ಹಿಡಿಸದಂತಾದಾಗ ಕ್ಯಾಲ್ಸಿಯಂ ಅನ್ನು ಎಳೆದುಕೊಂಡು ಹೀಟರಿನ ಮೇಲೆ, ಪಂಪಿನೊಳಗೆ ಕೂರುತ್ತದೆ. ಗಡಸು ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ ಬಿಳಿ. ಇದನ್ನು ಒಂದಿಷ್ಟು ತಡೆಯುವುದು ಮೆಗ್ನೀಸಿಯಂ. ಅದು ಕಡಿಮೆಯಿದ್ದರೆ ಉಳಿದೆರಡನ್ನು ಎಷ್ಟು ಸುರಿದರೂ ನಿಲ್ಲುವುದಿಲ್ಲ.

ಹಾಗಾದರೆ ಪಿಎಚ್ ಏಕೆ ಬಿದ್ದಿತ್ತು? ಒಂದು ಲೋಟ ತೊಟ್ಟಿಯ ನೀರನ್ನು ಹಿತ್ತಿಲಿಗೆ ಒಯ್ದು, ಒಂದು ಗಂಟೆ ಗಾಳಿಯ ಗುಳ್ಳೆ ಬಿಟ್ಟು ಮತ್ತೆ ಅಳೆದೆ. 8.3. ತಪ್ಪು ಇದ್ದದ್ದು ಮನೆಯ ಗಾಳಿಯಲ್ಲಿ. ಹೊರಗೆ ಹಿಮ, ಎಲ್ಲ ಕಿಟಕಿಗಳೂ ಭದ್ರ, ಒಳಗೆ ಊರಿನಿಂದ ಬಂದವರೂ ಸೇರಿ ಆರು ಜನ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ದುಪ್ಪಟ್ಟಾದರೆ ನೀರಿನ ಪಿಎಚ್ ಸುಮಾರು 0.3 ಇಳಿಯುತ್ತದೆ. ಗಾಳಿಯ ಗುಳ್ಳೆಗಳಿಂದ ನೀರಿನ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರಿನ ಗಾಳಿಯ ಕೊಳವೆಯನ್ನು ಕಿಟಕಿಯ ಸಂದಿಯಿಂದ ಹೊರಕ್ಕೆ ಹಾಯಿಸಿದೆ. ಬಫರಿನ ಬಾಟಲಿಯನ್ನು ಎತ್ತಿಡಿಸಿದೆ.

ಕ್ಷಾರೀಯತೆಯನ್ನು ಇಳಿಸಲು ಏನನ್ನೂ ಹಾಕಲಿಲ್ಲ. ಹವಳಗಳೇ ತಿಂದು ಇಳಿಸಲಿ ಎಂದು ಬಿಟ್ಟೆ. ಅದು 8ಕ್ಕೆ ಬಂದ ಮೇಲೆ ನಿತ್ಯದ ಖರ್ಚಿನ ಲೆಕ್ಕ ಹಿಡಿದೆವು: ಏನನ್ನೂ ಸೇರಿಸದೆ, ದಿನವೂ ಒಂದೇ ಹೊತ್ತಿಗೆ ಅಳತೆ. ಎರಡು ದಿನಕ್ಕೆ 1.2 ಇಳಿಯಿತು, ಅಂದರೆ ದಿನಕ್ಕೆ 0.6. ನೂರು ಲೀಟರಿಗೆ 1 ಡಿಕೆಎಚ್ ಏರಿಸಲು 3 ಗ್ರಾಂ ಅಡುಗೆ ಸೋಡಾ ಬೇಕು. ಈ ತೊಟ್ಟಿಗೆ ದಿನಕ್ಕೆ 7 ಗ್ರಾಂ ಚಿಲ್ಲರೆ. ಆದರೆ ಸೋಡಾ ಹಾಕಿದರೆ ಕ್ಯಾಲ್ಸಿಯಂ ಅನ್ನು ಬೇರೆಯಾಗಿ ಕೊಡಬೇಕು. ನನ್ನ ಒಲವು ಸುಣ್ಣದ ತಿಳಿಯ ಕಡೆಗೆ. ಎರಡನ್ನೂ ಹವಳ ಬಳಸುವ ಪ್ರಮಾಣದಲ್ಲಿಯೇ ಕೊಡುತ್ತದೆ, ಮೇಲಾಗಿ ಪಿಎಚ್ ಅನ್ನೂ ಎತ್ತುತ್ತದೆ.

ಈ ಹವ್ಯಾಸದಲ್ಲಿ ಅದನ್ನು ‘ಕಾಲ್ಕ್‌ವಾಸರ್’ ಎನ್ನುತ್ತಾರೆ. ಸುಣ್ಣದ ನೀರಿಗೆ ಜರ್ಮನ್ ಹೆಸರು, ಅಷ್ಟೆ. ನಾನು ಆರ್‌ಓ ನೀರಿಗೆ ಪುಡಿ ಕಲಸಿ ಇಟ್ಟದ್ದನ್ನು ತೀರ್ಥಹಳ್ಳಿಯಿಂದ ಬಂದಿದ್ದ ಯಜಮಾನರ ತಾಯಿ ಬಗ್ಗಿ ನೋಡಿದರು. “ಇದು ಎಲೆಗೆ ಹಚ್ಚುವ ಸುಣ್ಣವಲ್ಲವೇನಪ್ಪಾ?” ಅದೇ ಅಮ್ಮ, ಎಂದೆ. “ಹಾಗಾದರೆ ಹೆಚ್ಚಾದರೆ ಸುಡುತ್ತದೆ.” ನಾನು ಅರ್ಧ ಗಂಟೆ ತೆಗೆದುಕೊಂಡು ಹೇಳಬೇಕಿದ್ದ ಪಾಠ ಮುಗಿದಿತ್ತು. ಈ ನೀರಿನ ಪಿಎಚ್ 12ಕ್ಕೂ ಮೇಲೆ. ತಳದ ಗಸಿಯನ್ನು ಕಲಕದೆ ತಿಳಿಯನ್ನಷ್ಟೇ, ರಾತ್ರಿಯ ಹೊತ್ತು, ಹನಿಹನಿಯಾಗಿ ಬಿಡಬೇಕು. ಇವರ ತೊಟ್ಟಿಗೆ ದಿನಕ್ಕೆ ಸುಮಾರು 2 ಲೀಟರ್ ಸಾಕಾಯಿತು. ಆವಿಯಾಗಿ ಹೋಗುವ ನೀರಿನ ಜಾಗಕ್ಕೆ ಅದನ್ನೇ ತುಂಬುತ್ತೇವೆ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆ ಜಾಗಕ್ಕೆ ಉಪ್ಪುನೀರು ಸುರಿಯುವವರನ್ನು ಈಗಲೂ ಕಾಣುತ್ತೇನೆ.

ಬೆಂಗಳೂರಿನಿಂದ ಈ ಲೆಕ್ಕ ಕೇಳುವವರಿಗೊಂದು ಮಾತು: ದಿಬ್ಬ ಕಟ್ಟುವ ಗಟ್ಟಿ ಹವಳಗಳು ಭಾರತದಲ್ಲಿ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅಂಗಡಿಯವನು ಏನೇ ಹೇಳಲಿ, ಅವನ್ನು ಮನೆಗೆ ತರಬೇಡಿ.

ಆ ಅಮ್ಮ ಹೇಳಿದ ‘ಹೆಚ್ಚಾದರೆ’ ಎಂಬುದು ನನಗೂ ಆಗಿದೆ. ಹಲವು ವರ್ಷಗಳ ಹಿಂದೆ ನನ್ನದೇ ತೊಟ್ಟಿಯಲ್ಲಿ ನೀರಿನ ಮಟ್ಟ ಇಳಿದಾಗ ತಾನೇ ತೆರೆದುಕೊಳ್ಳುವ ಫ್ಲೋಟ್ ವಾಲ್ವ್ ರಾತ್ರಿ ತೆರೆದಂತೆಯೇ ಸಿಕ್ಕಿಹಾಕಿಕೊಂಡು, ಕ್ಯಾನಿನಲ್ಲಿದ್ದ 20 ಲೀಟರ್ ಸುಣ್ಣದ ನೀರೂ ಒಳಗೆ ಹೋಗಿತ್ತು. ಬೆಳಿಗ್ಗೆ ಎದ್ದರೆ ತೊಟ್ಟಿಯ ತುಂಬ ಮಜ್ಜಿಗೆ. ಫ್ರಿಜ್ಜಿನಲ್ಲಿದ್ದ ಬರಿಯ ಸೋಡಾ ನೀರಿನ ಬಾಟಲಿಗಳನ್ನು ಒಂದೊಂದಾಗಿ ಸುರಿದು, ಅದರ ಕಾರ್ಬನ್ ಡೈಆಕ್ಸೈಡಿನಿಂದ ಪಿಎಚ್ ಇಳಿಸಿದೆ. ಮೀನುಗಳು ಉಳಿದವು, ಹವಳಗಳಲ್ಲಿ ಅರ್ಧ ಉಳಿದವು. ಈಗ ಯಾರ ಮನೆಯಲ್ಲೇ ಆಗಲಿ, ಸುಣ್ಣದ ಕ್ಯಾನಿಗೆ ಒಂದು ದಿನಕ್ಕಾಗುವಷ್ಟು ನೀರನ್ನಷ್ಟೇ ತುಂಬಿಸುತ್ತೇನೆ.