ಇಟ್ಟಿಗೆ ಇಡುವ ಮೊದಲು ವಾಷರ್ ನೋಡಿ

ಫ್ಲಶ್ ನೀರು ಉಳಿಸಬೇಕು ಅಂದ ಕೂಡಲೇ ಎಷ್ಟೋ ಜನ ನೀರು ತುಂಬುವ ಜಾಗ ಕಡಿಮೆಯಾಗಲೆಂದು ಟ್ಯಾಂಕಿನೊಳಗೆ ಇಟ್ಟಿಗೆ ಇಡುತ್ತಾರೆ. ನೀರಿನಲ್ಲಿ ನೆನೆದು ನೆನೆದು ಇಟ್ಟಿಗೆ ಉದುರುತ್ತದೆ. ಆ ಪುಡಿ ತಳದ ವಾಷರ್ (ನೀರು ಕಮೋಡಿಗೆ ಇಳಿಯದಂತೆ ಮುಚ್ಚುವ ರಬ್ಬರ್ ಬಿಲ್ಲೆ) ಕೆಳಗೆ ಸಿಕ್ಕಿಕೊಂಡರೆ ವಾಷರ್ ಸರಿಯಾಗಿ ಕೂರುವುದಿಲ್ಲ, ನೀರು ಹಗಲಿರುಳು ಸೋರತೊಡಗುತ್ತದೆ.

ಸೋರಿಕೆ ಎಷ್ಟು ದುಬಾರಿ ಎಂದು ಲೆಕ್ಕ ಹಾಕಿ. ನಿಮಿಷಕ್ಕೆ ಒಂದು ಲೋಟ, ಅಂದರೆ 200 ಮಿ.ಲೀ. ಸೋರಿದರೂ ದಿನಕ್ಕೆ 288 ಲೀಟರ್. ನಾಲ್ಕು ಜನ ದಿನಕ್ಕೆ ಐದೈದು ಸಲ ಫ್ಲಶ್ ಮಾಡುವ ಮನೆಯಲ್ಲಿ ಪ್ರತಿ ಸಲ ಒಂದು ಲೀಟರ್ ಉಳಿಸಿದರೆ ಸಿಗುವುದು 20 ಲೀಟರ್ ಮಾತ್ರ. ಹಾಗಾಗಿ ಸೋರಿಕೆಯ ಕೆಲಸವೇ ಮೊದಲು.

ಸಣ್ಣ ಸೋರಿಕೆ ಕಿವಿಗೆ ಕೇಳುವುದಿಲ್ಲ. ಟ್ಯಾಂಕಿಗೆ ಅಡುಗೆ ಬಣ್ಣದ ನಾಲ್ಕು ಹನಿ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಬಣ್ಣ ಕಮೋಡಿಗೆ ಇಳಿದಿದ್ದರೆ ಸೋರಿಕೆ ಇದೆ. ಎಲ್ಲಿಂದ ಎಂದು ತಿಳಿಯಲು ಆಂಗಲ್ ಕಾಕ್ (ಟ್ಯಾಂಕಿಗೆ ನೀರು ಬಿಡುವ ಗೋಡೆಯ ನಲ್ಲಿ) ಮುಚ್ಚಿ, ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ ಇನ್ನೊಂದರ್ಧ ಗಂಟೆ ಕಾಯಿರಿ. ಮಟ್ಟ ಓವರ್‌ಫ್ಲೋ ಪೈಪಿನ (ಹೆಚ್ಚಾದ ನೀರನ್ನು ಕಮೋಡಿಗೆ ಬಿಡುವ ನಿಂತ ಕೊಳವೆ) ಬಾಯಿಗಿಂತ ಸಾಕಷ್ಟು ಕೆಳಗೆ ಇಳಿದರೆ ದೋಷ ವಾಷರ್‌ನದು. ಪೈಪಿನ ಬಾಯಿಯಲ್ಲೇ ನಿಂತರೆ ಫ್ಲೋಟ್ (ನೀರಿನೊಂದಿಗೆ ಏರಿ ವಾಲ್ವ್ ಮುಚ್ಚಿಸುವ ತೇಲು) ಮೇಲಾಗಿದೆ, ಅಥವಾ ನೀರು ಒಳಬಿಡುವ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಫ್ಲೋಟ್ ತಗ್ಗಿಸಿ, ನೀರು ಪೈಪಿನ ಬಾಯಿಗಿಂತ ಸುಮಾರು ಒಂದು ಇಂಚು ಕೆಳಗೆ ನಿಲ್ಲುವಂತೆ ಮಾಡಿ.

ವಾಷರ್ ಹಾಳಾಗಿದೆ ಎಂದು ಕೂಡಲೇ ಬದಲಿಸಬೇಕಿಲ್ಲ. ಗಡಸು ನೀರಾದರೆ ಅದರ ಮೇಲೆ ಸುಣ್ಣದ ಪೊರೆ ಕಟ್ಟಿರುತ್ತದೆ. ಎಷ್ಟೋ ಡ್ಯುಯಲ್ ಫ್ಲಶ್ (ಕಡಿಮೆ ನೀರಿಗೊಂದು, ಪೂರ್ತಿ ನೀರಿಗೊಂದು ಬಟನ್ ಇರುವ) ಟ್ಯಾಂಕುಗಳಲ್ಲಿ ವಾಷರ್ ಇರುವ ನಡುವಿನ ವಾಲ್ವ್ ಅನ್ನು ಕಾಲು ಸುತ್ತು ತಿರುಗಿಸಿದರೆ ಕೈಗೆ ಬರುತ್ತದೆ. ವಾಷರ್ ವಿನೆಗರ್‌ನಲ್ಲಿ ನೆನೆಸಿ ಒರೆಸಿ, ಅದು ಕೂರುವ ಅಂಚನ್ನೂ ಬಟ್ಟೆಯಿಂದ ಉಜ್ಜಿ. ರಬ್ಬರ್ ಬಿರುಸಾಗಿದ್ದರೆ ಮಾತ್ರ ಹೊಸದು ಹಾಕಿ. ಟ್ಯಾಂಕಿನೊಳಗೆ ಹಾಕುವ ಕ್ಲೋರಿನ್ ಮಾತ್ರೆ ರಬ್ಬರನ್ನು ಬೇಗ ತಿನ್ನುತ್ತದೆ. ಅದರ ಗೊಡವೆಯೇ ಬೇಡ.

ಈಗ ಅಳತೆ. ಆಂಗಲ್ ಕಾಕ್ ಮುಚ್ಚಿ ಫ್ಲಶ್ ಮಾಡಿ, ಹಳೆಯ ಮಟ್ಟಕ್ಕೆ ಬರುವವರೆಗೆ ಅಳತೆಯ ಜಗ್ಗಿನಿಂದ ನೀರು ಸುರಿಯಿರಿ. ಆರು ಲೀಟರ್ ಆಸುಪಾಸು ಬಂದರೆ ಮುಟ್ಟಬೇಡಿ. ಹಳೆಯ ಟ್ಯಾಂಕುಗಳು ಒಂಬತ್ತರಿಂದ ಹದಿಮೂರು ಲೀಟರ್ ಕುಡಿಯುತ್ತವೆ. ಅಂಥವಕ್ಕೆ ಒಂದು ಲೀಟರಿನ ಬಾಟಲಿಯಲ್ಲಿ ಬೆಣಚುಕಲ್ಲು, ನೀರು ತುಂಬಿ ಮುಚ್ಚಳ ಬಿಗಿದು, ಫ್ಲೋಟ್‌ಗಾಗಲೀ ವಾಲ್ವ್‌ಗಾಗಲೀ ತಗಲದ ಮೂಲೆಯಲ್ಲಿ ನಿಲ್ಲಿಸಿ. ಒಂದು ವಾರ ನೋಡಿ. ಕಮೋಡ್ ಒಂದೇ ಸಲಕ್ಕೆ ಶುಚಿಯಾಗದೆ ಎರಡನೇ ಸಲ ಒತ್ತಬೇಕಾಗಿ ಬಂದರೆ ಬಾಟಲಿ ತೆಗೆದುಬಿಡಿ. ಹಳೆಯ ಕಮೋಡಿನ ಬಾಗು ಕೊಳವೆ ಇಂತಿಷ್ಟು ನೀರು ಒಮ್ಮೆಗೇ ನುಗ್ಗಿದರೆ ಮಾತ್ರ ಎಳೆಯುತ್ತದೆ.

ಡ್ಯುಯಲ್ ಫ್ಲಶ್ ಇದ್ದರೂ ಮೂರು ಲೀಟರ್ ಬಿಡುವ ಚಿಕ್ಕ ಬಟನ್ ಯಾವುದೆಂದು ಮನೆಮಂದಿಗೆ ಗೊತ್ತಿರುವುದಿಲ್ಲ. ಬಟನ್ ಕೆಳಗಿನ ಕಡ್ಡಿಗಳ ಉದ್ದ ತಪ್ಪಿದ್ದರೆ ಚಿಕ್ಕದನ್ನು ಒತ್ತಿದರೂ ಪೂರ್ತಿ ನೀರು ಹೋಗುತ್ತದೆ. ಟ್ಯಾಂಕಿನ ಮುಚ್ಚಳ ತೆರೆದೇ ಇರುವಾಗ ಎರಡು ಕಡ್ಡಿಗಳನ್ನೂ ಒಂದೊಂದಾಗಿ ಒತ್ತಿ ನೋಡಿ.