‘ಶ್ರೀ’ಯ ಒತ್ತು ಎಲ್ಲಿ ಹೋಯಿತು?

ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಲ್ಲಿ ಒಬ್ಬ ಹುಡುಗನಿದ್ದಾನೆ. ಕಾರು ನಿಲ್ಲಿಸುವ ಜಾಗದಲ್ಲಿ ಸಣ್ಣ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದ ಹಾಗೆ ಮರ ಕೊರೆಯುವ ಮೆಷಿನ್) ಇಟ್ಟುಕೊಂಡು ಮನೆ ಹೆಸರಿನ ಬೋರ್ಡು, ದೇವರಮನೆ ಬಾಗಿಲಿನ ಜಾಲಿ ಮಾಡಿಕೊಡುತ್ತಾನೆ. ಕಳೆದ ದಸರೆಯಲ್ಲಿ, ಆಯುಧಪೂಜೆ ಮುಗಿದ ಮಾರನೆಯ ದಿನ, ತೇಗದ ಹಲಗೆಯ ಮೇಲೆ ‘ಶ್ರೀನಿಲಯ’ ಎಂದು ಕೆತ್ತಲು ಕೂತ. ಮೆಷಿನ್ ನಿಂತಾಗ ಹಲಗೆಯಲ್ಲಿ ಇದ್ದದ್ದು ‘ಶೀನಿಲಯ’. ರಕಾರದ ಒತ್ತೇ ಮಾಯ! ಬೋರ್ಡು ಮಾಡಿಸಲು ಕೊಟ್ಟಿದ್ದ ಯಜಮಾನರು ಅಪಶಕುನ ಎಂದು ಮುಖ ಸಿಂಡರಿಸಿದರು. ಹುಡುಗನ ಅಜ್ಜಿ ದೃಷ್ಟಿಯಾಗಿದೆ ಎಂದು ಮೆಷಿನ್‌ನ ತಿರುಗುವ ಭಾಗವಾದ ಸ್ಪಿಂಡಲ್ ಪಕ್ಕ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು.

ಆಯುಧಪೂಜೆಯ ಕಡ್ಲೆಪುರಿಯನ್ನು ನಾನು ಎಂದೂ ಬೇಡ ಅಂದವನಲ್ಲ. ಆದರೆ ನಿಮಿಷಕ್ಕೆ 18,000 ಸುತ್ತು ತಿರುಗುವ ವಸ್ತುವಿನ ಪಕ್ಕದಲ್ಲಿ ದಾರ ನೇತಾಡಿಸುವುದಿದೆಯಲ್ಲ, ಅಪಶಕುನ ಎಂದರೆ ಅದು.

ಒತ್ತನ್ನು ನುಂಗಿದ್ದು ಯಾರ ಕಣ್ಣೂ ಅಲ್ಲ, 6 ಮಿಲಿಮೀಟರ್ ದಪ್ಪದ ಬಿಟ್, ಅಂದರೆ ತಿರುಗುತ್ತಾ ಮರ ಕೊರೆಯುವ ಉಪಕರಣ. ಅಕ್ಷರದ ಮೈಯ ಗೆರೆ 8 ಮಿ.ಮೀ. ಅಗಲವಿತ್ತು, ಒತ್ತಿನ ಗೆರೆ 4 ಮಿ.ಮೀ. ಮಾತ್ರ. ಪರದೆಯ ಮೇಲೆ ಅಕ್ಷರದ ಅಂಚು ತೋರಿಸುವ ಗೆರೆಗೆ ದಪ್ಪವಿಲ್ಲ, ಬಿಟ್‌ಗೆ ಇದೆ. ಬಿಟ್‌ನ ನಡುಬಿಂದು ಗೆರೆಯ ಮೇಲೇ ಹೋದರೆ ಗೆರೆಯಾಚೆಗೂ 3 ಮಿ.ಮೀ. ತಿಂದುಹಾಕುತ್ತದೆ. ಆದ್ದರಿಂದ ಸಾಫ್ಟ್‌ವೇರ್ ಬಿಟ್‌ನ ದಾರಿಯನ್ನು, ಅಂದರೆ ಟೂಲ್‌ಪಾತ್ ಅನ್ನು, ಗೆರೆಯಿಂದ 3 ಮಿ.ಮೀ. ಒಳಕ್ಕೆ ಸರಿಸಿ ಹಾಕುತ್ತದೆ. 4 ಮಿ.ಮೀ. ಸಂದಿಯಲ್ಲಿ ಎರಡು ಬದಿಯಿಂದಲೂ 3 ಮಿ.ಮೀ. ಸರಿಯಲು ಜಾಗವೆಲ್ಲಿ? ದಾರಿಯೇ ಹುಟ್ಟುವುದಿಲ್ಲ. ನಂಜನಗೂಡಿನ ದೊಡ್ಡ ತೇರು ರಥಬೀದಿ ಬಿಟ್ಟು ಸಂದಿಗೆ ನುಗ್ಗುತ್ತದೆಯೇ? ಕಿರಿದಾದ ಬಾಯಿಯ ಚೊಂಬಿನೊಳಗೆ ಕೈ ಹೋಗುತ್ತದೆಯೇ? ಇನ್ನೂ ಸರಿಯಾದ ಹೋಲಿಕೆ ಬೇಕಿದ್ದರೆ ಮಂಡ್ಯದ ಕಡೆ ಗದ್ದೆ ಉಳುವುದನ್ನು ನೋಡಿ. ಟ್ರ್ಯಾಕ್ಟರ್ ಬದುವಿನ ಮೇಲೆ ಓಡುವುದಿಲ್ಲ, ನೇಗಿಲಿನ ಅಂಚು ಬದುವಿಗೆ ತಾಗುವಷ್ಟು ಒಳಗೆ ಓಡುತ್ತದೆ. ನಾಲ್ಕು ಮೂಲೆಯಲ್ಲಿ ಒಂದೊಂದು ತುಂಡು ಉಳದೇ ಉಳಿಯುತ್ತದೆ, ಅಲ್ಲಿಗೆ ಗುದ್ದಲಿಯೇ ಬೇಕು. ರೂಟರ್ ಕೊರೆದ ಚೌಕದ ಒಳಮೂಲೆಗಳು ದುಂಡಗೆ ಉಳಿಯುವುದೂ ಹೀಗೆಯೇ. 6 ಮಿ.ಮೀ. ಬಿಟ್ ಆದರೆ ಆ ದುಂಡಿನ ತ್ರಿಜ್ಯ 3 ಮಿ.ಮೀ.

ಈ ಲೆಕ್ಕ ಹೊಸದೇನಲ್ಲ. 1940ರ ದಶಕದ ಅಮೆರಿಕದಲ್ಲಿ ಜಾನ್ ಪಾರ್ಸನ್ಸ್ ಎಂಬಾತ ಹೆಲಿಕಾಪ್ಟರ್ ರೆಕ್ಕೆಯ ಅಚ್ಚು ಮಾಡಬೇಕಿತ್ತು. ಬಾಗಿದ ಗೆರೆಯ ಮೇಲೆ 200 ಬಿಂದುಗಳನ್ನು ಲೆಕ್ಕದ ಯಂತ್ರದಿಂದ ತೆಗೆಸಿದ. ಒಬ್ಬ ಅಂಕಿಗಳನ್ನು ಗಟ್ಟಿಯಾಗಿ ಓದುವುದು, ಇಬ್ಬರು ಮೆಷಿನ್‌ನ ಒಂದೊಂದು ದಿಕ್ಕಿನ ಚಕ್ರ ತಿರುಗಿಸುವುದು. ಹೋಮದಲ್ಲಿ ಒಬ್ಬರು ಮಂತ್ರ ಹೇಳಿ ಇನ್ನೊಬ್ಬರು ತುಪ್ಪ ಹಾಕಿದ ಹಾಗೆ! ಓದುವವನ ಕೆಲಸವನ್ನು ತೂತು ಹಾಕಿದ ಕಾಗದದ ಪಟ್ಟಿಗೂ ತಿರುಗಿಸುವವರ ಕೆಲಸವನ್ನು ಮೋಟಾರಿಗೂ ವಹಿಸಿದ ಮಿಲ್ಲಿಂಗ್ ಮೆಷಿನನ್ನು (ಲೋಹ ಕೊರೆಯುವ ಯಂತ್ರ) ಅಮೆರಿಕದ ವಿಶ್ವವಿದ್ಯಾಲಯ ಎಂಐಟಿ 1952ರಲ್ಲಿ ತೋರಿಸಿತು. ಆದರೆ ಬಿಟ್‌ನ ದಪ್ಪ ಕಳೆದು ದಾರಿ ಹುಡುಕುವ ಲೆಕ್ಕ ಇನ್ನೂ ಮನುಷ್ಯರ ತಲೆಗೇ ಬೀಳುತ್ತಿತ್ತು. ಅದನ್ನು ಕಂಪ್ಯೂಟರಿಗೆ ಒಪ್ಪಿಸಿದ್ದು ಡಗ್ಲಸ್ ರಾಸ್ ಮುಂದಾಳತ್ವದಲ್ಲಿ ಅಲ್ಲೇ ಹುಟ್ಟಿದ ಎಪಿಟಿ ಎಂಬ ಕಂಪ್ಯೂಟರ್ ಭಾಷೆ. 1959ರಲ್ಲಿ ಅದರ ಗುಣಗಾನಕ್ಕೆ ಪತ್ರಕರ್ತರನ್ನು ಕರೆದು ಅದರಿಂದಲೇ ಕೊರೆದ ಅಲ್ಯೂಮಿನಿಯಂ ಆಷ್‌ಟ್ರೇ ಹಂಚಿದರು. ಇಂದಿನ ಎಲ್ಲ ಟೂಲ್‌ಪಾತ್ ಸಾಫ್ಟ್‌ವೇರ್‌ಗಳೂ ಆ ಆಷ್‌ಟ್ರೇಯ ಮೊಮ್ಮಕ್ಕಳು.

ಹುಡುಗನ ಎರಡನೆಯ ಗೋಳು ಬಿಟ್ ಸುಡುವುದು. ಹೆದರಿ ಬಿಟ್ ಮರದಲ್ಲಿ ಮುಂದೆ ಸಾಗುವ ವೇಗ ಇಳಿಸಿದ, ನಿಮಿಷಕ್ಕೆ 200 ಮಿ.ಮೀ. ಮರ ಇನ್ನಷ್ಟು ಕಪ್ಪಾಯಿತು. ನಿಧಾನ ಹೋದರೆ ಅಪಾಯವಿಲ್ಲ ಎಂಬುದು ಈ ಕಸುಬಿನ ದೊಡ್ಡ ಮೂಢನಂಬಿಕೆ, ನಿಂಬೆಹಣ್ಣಿಗಿಂತ ದೊಡ್ಡದು. 18,000 ಸುತ್ತು, ಬಿಟ್‌ಗೆ ಎರಡು ಅಲಗು, ಅಂದರೆ ನಿಮಿಷಕ್ಕೆ 36,000 ಕಡಿತ. 200ನ್ನು ಅಷ್ಟರಿಂದ ಭಾಗಿಸಿದರೆ ಒಂದೊಂದು ಕಡಿತಕ್ಕೆ ಸಿಗುವ ಮರ 0.0056 ಮಿ.ಮೀ., ತಲೆಗೂದಲಿನ ಹತ್ತರಲ್ಲೊಂದು ಪಾಲೂ ಇಲ್ಲ. ಅಲಗು ಕಚ್ಚುವುದಿಲ್ಲ, ಬರೀ ಉಜ್ಜುತ್ತದೆ. ತುರಿಮಣೆಯ ಮೇಲೆ ಕಾಯಿಯನ್ನು ಒತ್ತದೆ ತಿರುಗಿಸಿದ ಹಾಗೆ, ಕೈ ಸೋಲುತ್ತದೆಯೇ ಹೊರತು ತುರಿ ಬೀಳುವುದಿಲ್ಲ. ಶಾಖವನ್ನು ಹೊತ್ತುಕೊಂಡು ಹೋಗಬೇಕಾದದ್ದು ದಪ್ಪ ಚೂರು, ಅದೇ ಇಲ್ಲದಿದ್ದರೆ ಶಾಖ ಬಿಟ್‌ನಲ್ಲೇ ಕೂರುತ್ತದೆ. ಕಡಿತಕ್ಕೆ 0.05 ಮಿ.ಮೀ. ಇರಲಿ ಎಂದರೆ ವೇಗ 1,800 ಆಗಬೇಕು. ಅವನ ಮೆಷಿನಿಗೆ ಅಷ್ಟು ಗಟ್ಟಿತನವಿಲ್ಲ. ಸುತ್ತನ್ನು 10,000ಕ್ಕೆ ಇಳಿಸಿ, ಆಳ ಕಡಿಮೆ ಮಾಡಿ, ವೇಗ 800ಕ್ಕೆ ಏರಿಸಿದೆವು. ಹಿಟ್ಟಿನಂಥ ಪುಡಿ ನಿಂತು ಚೂರು ಹಾರತೊಡಗಿತು. ಚೂರನ್ನು ಬೆರಳಲ್ಲಿ ಹಿಡಿದು ನೋಡಬೇಕು, ಮೀಟರ್ ಬೇಕಿಲ್ಲ.

ಇನ್ನು ಎಲ್ಲರೂ ಮೊದಲು ಕೇಳುವ ಪ್ರಶ್ನೆ: ಯಾವ ಸಾಫ್ಟ್‌ವೇರ್? ನನ್ನ ಮಟ್ಟಿಗೆ, ದಾರಿಯನ್ನೂ ಕೊರೆದ ಮೇಲಿನ ಹಲಗೆಯನ್ನೂ ಮೊದಲೇ ಪರದೆಯಲ್ಲಿ ತೋರಿಸುವ ಯಾವುದಾದರೂ ಒಂದು. ಹುಡುಗ ಆ ಪ್ರಿವ್ಯೂ ಒತ್ತಿ ನೋಡಿದ್ದರೆ ‘ಶೀನಿಲಯ’ ಪರದೆಯಲ್ಲೇ ಕಾಣುತ್ತಿತ್ತು, ತೇಗ ಉಳಿಯುತ್ತಿತ್ತು. ಬೋರ್ಡು, ಜಾಲಿಯಂಥ ಕೆಲಸಕ್ಕೆ ವೆಕ್ಟ್ರಿಕ್‌ನ ವಿಕಾರ್ವ್ ಕಲಿಯಲು ಸುಲಭ, ಆದರೆ ಕಾಸು ಬಿಚ್ಚಬೇಕು. ಟ್ರಯಲ್ ಆವೃತ್ತಿ ನಮ್ಮ ಸ್ವಂತ ಕೆಲಸವನ್ನು ಮೆಷಿನಿಗೆ ಕಳಿಸುವುದಿಲ್ಲ, ಕಲಿಯಲು ಮಾತ್ರ ಧಾರಾಳ. ಬ್ರೌಸರ್‌ನಲ್ಲೇ ನಡೆಯುವ ಕಿರಿ ಮೋಟೋ ಉಚಿತ. ಫ್ರೀಕ್ಯಾಡ್ ಕೂಡ ಉಚಿತ, ಮೊದಲ ವಾರ ಕಣ್ಣೀರು ಹಾಕಿಸುತ್ತದೆ. ಫ್ಯೂಷನ್‌ನ ಉಚಿತ ಆವೃತ್ತಿ ಬಲಶಾಲಿ, ಆದರೆ ಮರ ಮುಟ್ಟದೆ ಸಾಗುವ ಖಾಲಿ ಓಟವನ್ನೂ ಕೊರೆಯುವ ವೇಗದಲ್ಲೇ ಓಡಿಸುತ್ತದೆ. ಮನೆ ಬೋರ್ಡಿಗೆ ಅದನ್ನು ಕಲಿಯಲು ಹೊರಡುವುದು ಎಳನೀರು ಕೊಚ್ಚಲು ಜೆಸಿಬಿ ತರಿಸಿದಂತೆ. ಯಾವುದನ್ನೇ ಹಿಡಿದರೂ ಮೂರು ತಿಂಗಳು ಅದರಲ್ಲೇ ಇರಿ. ಫೈಲ್ ಉಳಿಸುವಾಗ ನಿಮ್ಮ ಕಂಟ್ರೋಲರ್‌ಗೆ (ಮೆಷಿನ್ ಓಡಿಸುವ ಮಿದುಳು) ಹೊಂದುವ ಪೋಸ್ಟ್ ಪ್ರೊಸೆಸರ್, ಅಂದರೆ ದಾರಿಯನ್ನು ಅದರ ಭಾಷೆಗೆ ಅನುವಾದಿಸುವ ಆಯ್ಕೆ, ಆರಿಸಿ. ಸಣ್ಣ ಮೆಷಿನ್‌ಗಳಲ್ಲಿ ಹೆಚ್ಚಾಗಿ ಅದು ಜಿಆರ್‌ಬಿಎಲ್. ಹಾಗೆ ಸಿಗುವ ಆಜ್ಞೆಗಳ ಪಟ್ಟಿಯೇ ಜಿ-ಕೋಡ್. ಅದರ ತಲೆಯಲ್ಲಿ ಜಿ21 ಇದ್ದರೆ ಮಿಲಿಮೀಟರ್, ಜಿ20 ಇದ್ದರೆ ಇಂಚು. ಅದಲುಬದಲಾದರೆ ಅಳತೆ 25.4 ಪಟ್ಟು ಎಕ್ಕುಟ್ಟಿಹೋಗುತ್ತದೆ.

ಕನ್ನಡಕ್ಕೊಂದು ಕಿವಿಮಾತು: ಕೆಲವು ಸಾಫ್ಟ್‌ವೇರ್‌ಗಳಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಬರೆದು, ಅಕ್ಷರವನ್ನು ಪಾತ್ (ಬರೀ ಗೆರೆ) ಆಗಿ ಬದಲಿಸಿ, ಎಸ್‌ವಿಜಿ ಫೈಲ್ ಮಾಡಿ ತನ್ನಿ. ಹಲಗೆಯ ತಳದವರೆಗೂ ಕತ್ತರಿಸಿ ಅಕ್ಷರವನ್ನೇ ಬಿಡಿಯಾಗಿ ತೆಗೆಯುವುದಾದರೆ ‘ಠ’ದ ನಡುವಿನ ಬೊಟ್ಟನ್ನು ಮರೆಯಬೇಡಿ, ಹಿಡಿದುಕೊಳ್ಳಲು ಏನೂ ಇಲ್ಲದೆ ಅದು ಕೆಳಗೆ ಉದುರುತ್ತದೆ.

‘ಶ್ರೀ’ಯನ್ನು ಕೊನೆಗೆ 90 ಡಿಗ್ರಿಯ ವಿ-ಬಿಟ್‌ನಲ್ಲಿ ಕೆತ್ತಿದೆವು. ಅದರ ಮೂತಿ ಚೂಪು. ಗೆರೆ 8 ಮಿ.ಮೀ. ಇದ್ದಲ್ಲಿ 4 ಮಿ.ಮೀ. ಆಳಕ್ಕಿಳಿಯುತ್ತದೆ, 4 ಇದ್ದಲ್ಲಿ ಎರಡಕ್ಕೇ ನಿಲ್ಲುತ್ತದೆ. ಒತ್ತು ಚೆನ್ನಾಗಿ ಮೂಡಿ ಬಂತು.

ಈಗ ಹುಡುಗನಿಗೆ ಇನ್ಲೇ ಹುಚ್ಚು, ಅಂದರೆ ಒಂದು ಮರದ ಗುಂಡಿಯಲ್ಲಿ ಇನ್ನೊಂದು ಮರದ ತುಂಡು ಕೂರಿಸುವ ಕೆಲಸ. ಬೀಟೆ ಹಲಗೆಯಲ್ಲಿ 3 ಮಿ.ಮೀ. ಬಿಟ್‌ನಿಂದ ಚೌಕ ಗುಂಡಿ ತೆಗೆದು, ಬಿಳಿ ಮರದ ಚೌಕ ತುಂಡನ್ನೂ ಅದೇ ಮೆಷಿನ್‌ನಲ್ಲಿ ಕತ್ತರಿಸಿದ. ತುಂಡು ಕೂರಲಿಲ್ಲ: ಅದರ ಮೂಲೆ ಚೂಪು, ಗುಂಡಿಯ ಮೂಲೆ ದುಂಡು. ತುಂಡಿನ ಮೂಲೆಗೂ 1.5 ಮಿ.ಮೀ. ದುಂಡು ಕೊಡು ಎಂದೆ. ಕೂತಿತು. ಖುಷಿಯಿಂದ ಮಂಡಿ ಮೊಹಲ್ಲಾದ ಹಿರಿಯ ಇನ್ಲೇ ಕೆಲಸಗಾರರೊಬ್ಬರಿಗೆ ತೋರಿಸಲು ಹೋದ. ಅವರು ಹಲಗೆಯನ್ನು ಬೆಳಕಿಗೆ ಹಿಡಿದು, ‘ಮೂಲೆ ಯಾಕಪ್ಪಾ ಮೊಂಡು?’ ಎಂದು ಕೇಳಿ, ಅವನ ಕೈಲಿದ್ದ ಇನ್ನೊಂದು ಖಾಲಿ ಗುಂಡಿಯ ಹಲಗೆ ತೆಗೆದುಕೊಂಡು ಮೂಲೆಗೆ ಎರಡೆರಡು ಉಳಿಪೆಟ್ಟು ಹಾಕಿಕೊಟ್ಟರಂತೆ.